ಕ್ಯಾಡಿಲಾಕ್ ರಥದ ಸತ್ವಪರೀಕ್ಷೆ

ಭೋಗವಸ್ತುವೆಂದು ಹೆಸರಾದ ಪದಾರ್ಥವನ್ನು ಕಂಡಾಗ ಇದರಲ್ಲಿ ಸತ್ವವೆಷ್ಟು, ಮೆರುಗೆಷ್ಟು ಎಂದು ಸಂದೇಹಪಡುವುದು ಗೃಹಸ್ಥರಾದವರಿಗೆ ಸಹಜವೇ. ಅಮೆರಿಕಾ ದೇಶದ ಕ್ಯಾಡಿಲಾಕ್ ಎಂಬ ಮೋಟಾರು ಗಾಡಿಯ ವಿಷಯದಲ್ಲಿ ನಮಗೂ ಬಹುಕಾಲ ಇಂತಹ ಸಂದೇಹವಿದ್ದಿತು. ಚಿತ್ರಗಳಲ್ಲಿ ಕಾಣುವ ಅದರ ನೀಳವಾದ ಮೈಯನ್ನೂ, ಹಿಂಬದಿಯ ರೆಕ್ಕೆಗಳನ್ನೂ, ಬೆಳ್ಳಿಯಂತೆ ಹೊಳೆಯುವ ಅಂಚುಗಳನ್ನೂ ನೋಡಿ, ಇದು ಧನಿಕರ ಪಲ್ಲಕ್ಕಿಯೇ ಹೊರತು ಓಟದ ಕುದುರೆಯಲ್ಲವೆಂದು ಭಾವಿಸಿದ್ದೆವು. ಅದರ ಚರಿತ್ರೆಯನ್ನು ಓದಿದ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಈ ಕಾರ್ಖಾನೆಯು ಡೆಟ್ರಾಯಿಟ್ ಪಟ್ಟಣದಲ್ಲಿ 1902ನೆಯ ಇಸವಿಯಲ್ಲಿ ಸ್ಥಾಪಿತವಾಯಿತು. 1701ರಲ್ಲಿ ಆ ಪಟ್ಟಣಕ್ಕೆ ಅಸ್ತಿವಾರ ಹಾಕಿದ ಫ್ರೆಂಚ್ ಅಧಿಕಾರಿಯ ಹೆಸರನ್ನೇ ಗಾಡಿಗೆ ಇಟ್ಟರು. ಕಾರ್ಖಾನೆಯ ಜೀವಾಳವಾಗಿದ್ದವರು ಹೆನ್ರಿ ಲೇಲಂಡ್ ಎಂಬವರು. ಇವರು ಪ್ರಾಯದಲ್ಲಿ ಬಂದೂಕಿನ ಕಾರ್ಖಾನೆಗಳಲ್ಲಿ ಕೆಲಸ ಕಲಿತವರು. ಒಂದು ಬಂದೂಕಿನ ಭಾಗವು ಮುರಿದರೆ ಮತ್ತೊಂದರ ಭಾಗವು ಅರದಿಂದ ಉಜ್ಜದೆಯೇ ಅಲ್ಲಿ ಕೂಡಬೇಕೆಂಬುದು ಅಲ್ಲಿಯ ನಿಯಮ. ವ್ಯಾಕರಣ ಓದಿದವರಿಗೆ ಇದು ಅಪರಿಚಿತವಲ್ಲ. ಒಂದು ವರ್ಣದ ಸ್ಥಾನದಲ್ಲಿ ಆದೇಶವಾಗಿ ಬಂದ ಇನ್ನೊಂದು ವರ್ಣವು ಮೊದಲನೆಯದರ ಕೆಲಸವನ್ನೇ ಮಾಡುವುದೆಂದು ನಾವು ಎಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇವೆ! ಆದರೆ ಕಬ್ಬಿಣದಲ್ಲಿ ಆ ಸೂತ್ರವನ್ನು ನಡೆಸುವುದು ಬಾಯಿಮಾತಲ್ಲ. ಆ ಕಾಲದ ಮೋಟಾರುಗಳಲ್ಲಿ ಒಂದೊಂದು ಭಾಗವನ್ನೂ ಕೈಯಿಂದ ಉಜ್ಜಿ ಆಯಾ ಗಾಡಿಗೇ ಹೊಂದಿಸುತ್ತಿದ್ದರು.

1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಈ ಗಾಡಿಯನ್ನು ಒರೆಗೆ ಹಚ್ಚಿದರು. ಲಂಡನ್ನಿನ ದಾಸ್ತಾನಿನಿಂದ ತಾವೇ ಮೂರು ಗಾಡಿಗಳನ್ನು ಆರಿಸಿ, ಬ್ರೂಕ್‌ಲ್ಯಾಂಡ್ಸ್ ಎಂಬ ಓಟದ ಮೈದಾನದಲ್ಲಿ ಅವುಗಳನ್ನು ತಿರುಪು ತಿರುಪಾಗಿ ಬಿಚ್ಚಿಸಿದರು. ಮೂರರ ಭಾಗಗಳನ್ನೂ ಒಂದೇ ರಾಶಿಯಾಗಿ ಬೆರಸಿದರು. ಅಷ್ಟಕ್ಕೇ ತೃಪ್ತರಾಗದೆ ಸುಮಾರು 90 ಭಾಗಗಳನ್ನು ತೆಗೆದಿಟ್ಟು, ಅವುಗಳಿಗೆ ಬದಲಾಗಿ ಉಗ್ರಾಣದ ಹೊಸ ಭಾಗಗಳನ್ನು ಕೊಡಿಸಿದರು. ಆ ರಾಶಿಯಿಂದ ಮೂರು ಗಾಡಿಗಳನ್ನು ಸಾಮಾನ್ಯ ಉಪಕರಣಗಳಿಂದಲೇ ಮರಳಿ ಕಟ್ಟಲಾಯಿತು. ಒಂದರ ಬಣ್ಣ ಮತ್ತೊಂದರ ಮೈಮೇಲೆ ಬಂದು, ನೋಡುವುದಕ್ಕೆ ವೇಷಧಾರಿಗಳಂತಿದ್ದವಂತೆ. ಆದರೂ ಅವು ಹೊರಟು, ಮೈದಾನದಲ್ಲಿ 500 ಮೈಲು ಓಡಿದವು. ಕ್ಲಬ್ಬಿನವರು ಡ್ಯೂವರ್ ಪಾರಿತೋಷಕವನ್ನು ಕೊಟ್ಟು ಗೌರವಿಸಿದರು. ಆ ಗಾಡಿಗಳಲ್ಲಿದ್ದುದು ಒಂದೊಂದೇ ಸಿಲಿಂಡರು ಎಂಬುದನ್ನು ವಾಚಕರು ಮರೆಯಬಾರದು.

ಮೋಟಾರನ್ನು ಹೊರಡಿಸಲು ಮುಂಭಾಗದ ಹ್ಯಾಂಡಲನ್ನು ಬಲವಾಗಿ ತಿರುವಬೇಕಾಗಿದ್ದ ಕಾಲವೊಂದಿತ್ತು. ಅದು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ಅವರು ರಚಿಸಿದ ವಿದ್ಯುತ್ ಚಾಲಕವು 1912ರ ಕ್ಯಾಡಿಲಾಕಿನಲ್ಲಿ ಬಂದುದರಿಂದ ಆ ಭಯ ನಿವಾರಣೆಯಾಯಿತು. ಸ್ತ್ರೀಯರೂ ಪರಸಹಾಯವಿಲ್ಲದೆ ಗಾಡಿ ಹೊರಡಿಸಬಹುದಾಯಿತು. ತರುವಾಯ ಎಂಟು ಸಿಲಿಂಡರಿನ ಯಂತ್ರವೂ, 1930ರಲ್ಲಿ ಹದಿನಾರು ಸಿಲಿಂಡರಿನದೂ ಬಂದವು. ಹದಿನಾರು ಅವಶ್ಯವೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು 1950ರ ಸಂಗತಿ. ಅದರ ಹಿಂದಿನ ವರ್ಷ 160 ಅಶ್ವಶಕ್ತಿಯ ಹೊಸ ಯಂತ್ರವೊಂದು ಸಿದ್ಧವಾಗಿತ್ತು. ಫ್ರಾನ್ಸಿನ ಲೆ ಮಾನ್ ಪಟ್ಟಣದ ಬಳಿ ಒಂದು ಹಗಲು ಒಂದು ಇರುಳು, ಹೀಗೆ 24 ಗಂಟೆ ಎಡೆಬಿಡದೆ ನಡೆಯುವ ಪಂದ್ಯಕ್ಕೆ ಬ್ರಿಗ್ಸ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕನ್ನರು ಆ ಯಂತ್ರವುಳ್ಳ ಎರಡು ಗಾಡಿಗಳನ್ನು ಕೊಂಡೊಯ್ದರು. ಒಂದು ಅಂಗಡಿಯಲ್ಲಿ ಮಾರುವಂತಹುದೇ, ಅಲ್ಪಸ್ವಲ್ಪ ಮಾರ್ಪಾಡಿನೊಡನೆ. ಇನ್ನೊಂದಕ್ಕೆ ಗ್ರಮ್ಮನ್ ವಿಮಾನ ಸಂಸ್ಥೆಯ ಎಂಜಿನಿಯರರೊಬ್ಬರ ನೆರವಿನಿಂದ ಗಾಳಿಯನ್ನು ಸೀಳುವ ವಿಚಿತ್ರವಾದ ಮೈಕಟ್ಟು ಮಾಡಿಸಿದ್ದರು. ಫ್ರೆಂಚರು ಅದನ್ನು ನೋಡಿ ‘ರಾಕ್ಷಸ’ ಎಂದು ಹೆಸರಿಟ್ಟರು. ಪಂದ್ಯದ ಎರಡನೆಯ ಸುತ್ತಿನಲ್ಲೇ ರಾಕ್ಷಸನು ದಾರಿ ತಪ್ಪಿ ಮರಳಿನಲ್ಲಿ ಹೂತುಕೊಂಡನು. ಸ್ವತಃ ಕನಿಂಗ್‌ಹ್ಯಾಮರೇ ಸಲಿಕೆಯಿಂದ ತೋಡಿ ಬಿಡಿಸಬೇಕಾಯಿತು. ಕೊನೆಗೆ ಕೋಲಿಯರ್ ಸಹೋದರರು ನಡೆಸಿದ ಸಾಧಾರಣ ಗಾಡಿಯು ಹತ್ತನೆಯದಾಗಿಯೂ, ರಾಕ್ಷಸನು ಹನ್ನೊಂದನೆಯವನಾಗಿಯೂ ಮುಟ್ಟಿದರು. ಸಂತೆಗೂ ಸಂಬಂಧಿಕರ ಮನೆಗೂ ಹೋಗತಕ್ಕ ಗಾಡಿಯು ಹಗಲಿರುಳು ಓಡಿ, ಓಟಕ್ಕೆಂದೇ ಹುಟ್ಟಿದ ಅನೇಕ ಗಾಡಿಗಳಿಗಿಂತ ಮುಂದೆ ನಿಂತುದು ಸಾಮಾನ್ಯವೆ?

ಇಂತಹ ಮನೆತನವೂ ಸತ್ವವನ್ನು ಮರೆತ ಕಾಲವುಂಟು. 1982ರ ಮಾದರಿಯೆಂದು ಸಿಮರಾನ್ ಎಂಬ ಸಣ್ಣ ಗಾಡಿಯನ್ನು ಹೊರಡಿಸಿದರು. ಅದೇ ಒಡೆತನದ ಷೆವ್ರೊಲೆಯ ಅಗ್ಗದ ಗಾಡಿಗೇ ಚರ್ಮದ ಹೊದಿಕೆ ಹಾಕಿ, ಕ್ಯಾಡಿಲಾಕಿನ ಮುದ್ರೆಯೊತ್ತಿ, ಹೆಚ್ಚಿನ ಬೆಲೆ ಹೇಳಿದಂತಾಯಿತು. ಜನರು ಮೋಸಹೋಗಲಿಲ್ಲ. 1988ಕ್ಕೆ ಅದು ನಿಂತುಹೋಯಿತು. ಕೆಟ್ಟ ಹೆಸರು ಮಾತ್ರ ಬಹುಕಾಲ ನಿಲ್ಲಲಿಲ್ಲವೆನ್ನುವಂತಿಲ್ಲ.

ಹೋದ ಮಾನವನ್ನು ಹೋದ ಕಡೆಯಲ್ಲಿಯೇ ಅರಸಬೇಕೆಂದು ತೋರಿತೋ ಏನೋ, 2000ದಲ್ಲಿ ಮತ್ತೆ ಲೆ ಮಾನಿಗೆ ಹೋದರು. ಮೂರು ವರ್ಷ ಹೆಣಗಿದರೂ ಗೆಲುವು ಕಾಣಲಿಲ್ಲ. ಆದರೆ 2004ರ ಮಾದರಿಯಾಗಿ 400 ಅಶ್ವಶಕ್ತಿಯ ಸಿಟಿಎಸ್-ವಿ ಎಂಬ ಗಾಡಿ ಬಂದಿತು. ಅದರ ಎರಡನೆಯ ತಲೆಮಾರು 2008ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಎಂಬ, ಬೆಟ್ಟಕಾಡುಗಳ ನಡುವೆ ಸುತ್ತುವ ಸುಮಾರು 21 ಕಿಲೋಮೀಟರಿನ ಪಥವನ್ನು 7 ನಿಮಿಷ 59 ಸೆಕೆಂಡುಗಳಲ್ಲಿ ಕ್ರಮಿಸಿತು. ನಾಲ್ಕು ಬಾಗಿಲಿನ ಸಂಸಾರದ ಗಾಡಿ ಅದು! ಲೆ ಮಾನ್ ಪಂದ್ಯಕ್ಕೆ ನೂರು ವರ್ಷ ತುಂಬಿದ 2023ರಲ್ಲಿ ಕ್ಯಾಡಿಲಾಕ್ ಗಾಡಿಗಳು ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳನ್ನು ಪಡೆದವು. 2025ರಲ್ಲಿ ಹೊರಡುವ ಸಾಲಿನ ಮೊದಲ ಎರಡು ಸ್ಥಾನಗಳೂ ಅವುಗಳದೇ ಆಗಿದ್ದವು. ಗೆಲುವು ಮಾತ್ರ ಇಟಲಿಯ ಫೆರಾರಿಗೆ ಹೋಯಿತು.