ವೋಲ್ಟೇಜ್ ಹೆಚ್ಚಿರುವ ಪ್ರದೇಶಗಳಲ್ಲಿ ಹೀಟರ್ ಕಾಯಿಲ್‌ಗಳ ಬಾಳಿಕೆ: ಗ್ರಾಹಕರಿಗೆ ಮಾಹಿತಿ

ನೀರು ಕಾಯಿಸುವ ಕಾಯಿಲ್, ಗೀಸರ್ ಮತ್ತು ವಿದ್ಯುತ್ ಒಲೆಗಳು ಪದೇ ಪದೇ ಸುಟ್ಟುಹೋಗುತ್ತಿದ್ದಲ್ಲಿ ಗ್ರಾಹಕರು ಸಾಮಾನ್ಯವಾಗಿ ಉಪಕರಣವನ್ನು ದೂರುತ್ತಾರೆ. ಆದರೆ ಹಲವು ಸಂದರ್ಭಗಳಲ್ಲಿ ದೋಷವು ಉಪಕರಣದಲ್ಲಿರದೆ, ಅದಕ್ಕೆ ದೊರೆಯುವ ವೋಲ್ಟೇಜ್‌ನಲ್ಲಿ ಅಥವಾ ಅದನ್ನು ಬಳಸುವ ಕ್ರಮದಲ್ಲಿ ಇರುತ್ತದೆ. ಈ ಕುರಿತು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ವೋಲ್ಟೇಜ್ ಹೆಚ್ಚಾಗಲು ಕಾರಣಗಳು

ಗೃಹಬಳಕೆಯ ಏಕಮುಖ ಸಂಪರ್ಕಕ್ಕೆ ನಿಗದಿಯಾದ ವೋಲ್ಟೇಜ್ 230. ಬೀದಿಯಲ್ಲಿರುವ ವಿತರಣಾ ಟ್ರಾನ್ಸ್‌ಫಾರ್ಮರ್ 11,000 ವೋಲ್ಟ್ ವಿದ್ಯುತ್ತನ್ನು 433 ವೋಲ್ಟ್‌ಗೆ ಇಳಿಸುವಂತೆ ರಚಿತವಾಗಿರುತ್ತದೆ. ಹೊರೆಯಿಲ್ಲದಿರುವಾಗ ಇದು ಒಂದು ಫೇಸ್‌ಗೆ ಸುಮಾರು 250 ವೋಲ್ಟ್ ಆಗುತ್ತದೆ. ತಂತಿಮಾರ್ಗದಲ್ಲಿ ಆಗುವ ಇಳಿಕೆಯನ್ನು ಸರಿದೂಗಿಸಲು ಈ ವ್ಯವಸ್ಥೆ ಇದೆ. ಆದುದರಿಂದ ಟ್ರಾನ್ಸ್‌ಫಾರ್ಮರ್‌ಗೆ ಸಮೀಪವಿರುವ ಮನೆಗಳಲ್ಲಿ, ವಿಶೇಷವಾಗಿ ತಡರಾತ್ರಿ ಮತ್ತು ಮುಂಜಾನೆ ಹೊರೆ ಕಡಿಮೆಯಿರುವಾಗ, ವೋಲ್ಟೇಜ್ 250ರ ಆಸುಪಾಸಿನಲ್ಲಿರುವುದುಂಟು. ಸ್ನಾನಕ್ಕೆ ನೀರು ಕಾಯಿಸುವ ವೇಳೆಯೂ ಅದೇ ಆಗಿರುತ್ತದೆ.

ಕಾಯಿಲ್ ಮೇಲೆ ಆಗುವ ಪರಿಣಾಮ

ಕಾಯಿಲ್ ಉತ್ಪಾದಿಸುವ ಶಾಖವು ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 230 ವೋಲ್ಟ್‌ಗೆ 1000 ವಾಟ್ ಎಂದು ನಮೂದಿಸಿರುವ ಕಾಯಿಲ್‌ನ ರೋಧ ಸುಮಾರು 53 ಓಮ್. ಅದೇ ಕಾಯಿಲ್‌ಗೆ 250 ವೋಲ್ಟ್ ದೊರೆತಲ್ಲಿ ಅದು ಸುಮಾರು 1180 ವಾಟ್ ಶಾಖ ನೀಡುತ್ತದೆ. ಅಂದರೆ ವೋಲ್ಟೇಜ್ ಶೇ. 9ರಷ್ಟು ಏರಿದರೆ ಶಾಖ ಶೇ. 18ರಷ್ಟು ಏರುತ್ತದೆ. ಒಂದು ಬಕೆಟ್ ನೀರು ಬೇಗ ಕಾಯುವುದರಿಂದ ವಿದ್ಯುತ್ ಬಿಲ್ಲಿನಲ್ಲಿ ಹೆಚ್ಚು ವ್ಯತ್ಯಾಸವಾಗದು. ಆದರೆ ಕಾಯಿಲ್‌ನ ತಂತಿ ಹೆಚ್ಚು ಬಿಸಿಯಾಗುತ್ತದೆ.

ಈ ತಂತಿಯು ಸಾಮಾನ್ಯವಾಗಿ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ನಿಕ್ರೋಮ್ ಲೋಹದ್ದಾಗಿರುತ್ತದೆ. ಕಾದಾಗ ಅದರ ಮೇಲೆ ಕ್ರೋಮಿಯಂ ಆಕ್ಸೈಡ್‌ನ ತೆಳು ಪದರ ಉಂಟಾಗಿ ಒಳಗಿನ ಲೋಹವನ್ನು ರಕ್ಷಿಸುತ್ತದೆ. ತಂತಿ ಮಿತಿಮೀರಿ ಕಾದು, ತಣ್ಣಗಾಗಿ, ಮತ್ತೆ ಕಾದಂತೆಲ್ಲ ಈ ಪದರ ಬಿರುಕು ಬಿಡುತ್ತದೆ. ಬಿರುಕಿನ ಜಾಗದಲ್ಲಿ ತಂತಿ ಸವೆದು ತೆಳುವಾಗುತ್ತದೆ. ತೆಳುವಾದ ಜಾಗ ಇನ್ನಷ್ಟು ಕಾಯುತ್ತದೆ. ಕೊನೆಗೆ ಅಲ್ಲಿಯೇ ತುಂಡಾಗುತ್ತದೆ.

ನೀರಿನಲ್ಲಿ ಮುಳುಗಿರುವ ಕಾಯಿಲ್‌ನ ಶಾಖವನ್ನು ನೀರು ಕೂಡಲೇ ಹೀರಿಕೊಳ್ಳುವುದರಿಂದ, ಸ್ವಚ್ಛವಾಗಿರುವ ಕಾಯಿಲ್ 250 ವೋಲ್ಟ್‌ನಲ್ಲಿಯೂ ಹಾಳಾಗದೆ ನಡೆಯಬಹುದು. ಅದರ ಮೇಲೆ ಸುಣ್ಣದ ಪದರ ಕಟ್ಟಿದ್ದಲ್ಲಿ ಶಾಖ ಹೊರಹೋಗಲು ದಾರಿಯಿರುವುದಿಲ್ಲ. ಹೀಗೆ ಹೆಚ್ಚಿನ ವೋಲ್ಟೇಜ್ ಮತ್ತು ಗಡಸು ನೀರು ಎರಡೂ ಸೇರಿದಾಗ ಕಾಯಿಲ್ ಬೇಗ ಸುಡುತ್ತದೆ. ಕೊಳವೆ ಬಾವಿಯ ಗಡಸು ನೀರನ್ನು ಬಳಸುವ ಗ್ರಾಹಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಖರೀದಿಸುವಾಗ ಗಮನಿಸಬೇಕಾದ ಅಂಶಗಳು

1. ಉಪಕರಣದ ಮೇಲೆ ವಾಟ್ ಜೊತೆಗೆ ವೋಲ್ಟೇಜ್ ಅನ್ನೂ ಓದಬೇಕು. ವೋಲ್ಟೇಜ್ ಸದಾ ಹೆಚ್ಚಿರುವ ಕಡೆ 250 ವೋಲ್ಟ್‌ಗೆ 1000 ವಾಟ್ ಎಂದು ನಮೂದಿಸಿರುವ ಕಾಯಿಲ್ ಸೂಕ್ತ. ಅದರ ರೋಧ 62.5 ಓಮ್ ಇರುವುದರಿಂದ 250 ವೋಲ್ಟ್‌ನಲ್ಲಿಯೂ 1000 ವಾಟ್ ಮೀರುವುದಿಲ್ಲ. 230 ವೋಲ್ಟ್‌ನಲ್ಲಿ ಅದು ಸುಮಾರು 846 ವಾಟ್ ನೀಡುವುದರಿಂದ ನೀರು ಕಾಯಲು ಸ್ವಲ್ಪ ಹೆಚ್ಚು ಸಮಯ ಬೇಕಾಗುತ್ತದೆ.

2. ಐಎಸ್‌ಐ ಗುರುತಿಲ್ಲದ ಉಪಕರಣವನ್ನು ಖರೀದಿಸಬಾರದು.

3. ಗೀಸರ್ ಅಳವಡಿಸುವುದರಿಂದ ಮನೆಯ ಒಟ್ಟು ಹೊರೆಯು ಮಂಜೂರಾದ ಹೊರೆಯನ್ನು ಮೀರುವಂತಿದ್ದಲ್ಲಿ, ಮುಂಚಿತವಾಗಿ ಹೆಚ್ಚುವರಿ ಹೊರೆಗೆ ಅರ್ಜಿ ಸಲ್ಲಿಸತಕ್ಕದ್ದು.

ಬಳಸುವಾಗ ಅನುಸರಿಸಬೇಕಾದ ಕ್ರಮಗಳು

1. ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲ್ ಅನ್ನು ಅದರ ಮೇಲಿನ ಗುರುತಿನವರೆಗೆ ನೀರಿನಲ್ಲಿ ಮುಳುಗಿಸಿದ ನಂತರವೇ ಸ್ವಿಚ್ ಹಾಕಬೇಕು. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಬೇಕು. ಗಾಳಿಯಲ್ಲಿ ಕೆಲವೇ ನಿಮಿಷ ಉರಿದರೂ ಕಾಯಿಲ್ ಸುಡುತ್ತದೆ.

2. ಕಾಯಿಲ್ ಚಾಲನೆಯಲ್ಲಿರುವಾಗ ನೀರು ಕಾದಿದೆಯೇ ಎಂದು ಕೈ ಅದ್ದಿ ನೋಡುವುದು ಪ್ರಾಣಾಪಾಯಕಾರಿ. ಲೋಹದ ಬಕೆಟ್ ಬಳಸಬಾರದು. ಮಕ್ಕಳ ಕೈಗೆ ಎಟುಕುವಂತೆ ಇಡಬಾರದು.

3. ಸುಣ್ಣದ ಪದರ ಕಂಡಲ್ಲಿ, ಪ್ಲಗ್ ತೆಗೆದು ತಣಿದ ಕಾಯಿಲ್‌ನ ಲೋಹದ ಭಾಗವನ್ನು ಮಾತ್ರ ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯಬೇಕು. ಚಾಕುವಿನಿಂದ ಕೆರೆದರೆ ಹೊರಗಿನ ಕೊಳವೆಗೆ ಪೆಟ್ಟಾಗಿ ನೀರು ಒಳಸೇರುತ್ತದೆ; ಇದರಿಂದ ಶಾಕ್ ಹೊಡೆಯುವ ಸಂಭವವಿದೆ.

4. ಗೀಸರ್‌ನ ಉಷ್ಣತೆಯನ್ನು 50ರಿಂದ 60 ಡಿಗ್ರಿಯಲ್ಲಿ ಇಡುವುದು ಒಳಿತು. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ.

5. ವಿದ್ಯುತ್ ಒಲೆಯ ತುಂಡಾದ ಸುರುಳಿಯನ್ನು ಗಂಟು ಹಾಕಿ ಬಳಸಬಾರದು. ಸುರುಳಿಯ ಹತ್ತನೇ ಒಂದು ಭಾಗ ಕಡಿಮೆಯಾದರೆ, 1000 ವಾಟ್‌ನ ಒಲೆಯು 250 ವೋಲ್ಟ್‌ನಲ್ಲಿ ಸುಮಾರು 1310 ವಾಟ್ ಎಳೆಯುತ್ತದೆ. ಉಳಿದ ತಂತಿಯೇ ಈ ಹೊರೆಯನ್ನೆಲ್ಲ ಹೊರಬೇಕಾಗಿ, ಗಂಟಿನ ಬಳಿ ಬೇಗನೆ ಮತ್ತೆ ತುಂಡಾಗುತ್ತದೆ.

6. ಮನೆಯಲ್ಲಿ ಸರಿಯಾದ ಅರ್ಥಿಂಗ್ ಇರತಕ್ಕದ್ದು. 30 ಮಿಲಿ ಆಂಪಿಯರ್‌ನ ಸೋರಿಕೆ ರಕ್ಷಕ ಸಾಧನವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅಳವಡಿಸಿಕೊಳ್ಳಬೇಕು.

ಅಪಾಯದ ಸೂಚನೆಗಳು

ಮನೆಯ ಕೆಲವು ದೀಪಗಳು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿ, ನೆರೆಮನೆಯ ದೀಪಗಳು ಮಂಕಾದಲ್ಲಿ ಅದು ನ್ಯೂಟ್ರಲ್ ತಂತಿ ಕಡಿದಿರುವುದರ ಅಥವಾ ಸಡಿಲಗೊಂಡಿರುವುದರ ಲಕ್ಷಣ. ಅಂತಹ ಸಂದರ್ಭದಲ್ಲಿ 230 ವೋಲ್ಟ್‌ನ ಉಪಕರಣಕ್ಕೆ 400ರ ಸಮೀಪದ ವೋಲ್ಟೇಜ್ ಬೀಳಬಹುದು. 350 ವೋಲ್ಟ್‌ನಲ್ಲಿಯೇ ಕಾಯಿಲ್‌ನ ಶಾಖ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಇದನ್ನು ಯಾವ ಕಾಯಿಲ್ ಕೂಡ ತಾಳುವಂತಿಲ್ಲ. ಬೆಂಕಿ ಅನಾಹುತವೂ ಸಂಭವಿಸಬಹುದು. ತಕ್ಷಣ ಮೇನ್ ಸ್ವಿಚ್ ಆರಿಸಿ ದೂರು ನೀಡತಕ್ಕದ್ದು. ನ್ಯೂಟ್ರಲ್ ಇಲ್ಲದಿರುವಾಗ ಅರ್ಥಿಂಗ್ ತಂತಿಯನ್ನು ಅದರ ಬದಲಿಗೆ ಜೋಡಿಸುವುದು ಮನೆಯವರ ಮತ್ತು ಲೈನ್‌ಮನ್‌ಗಳ ಜೀವಕ್ಕೆ ಅಪಾಯ ತರುವಂತಹದು.

ದೂರು ಸಲ್ಲಿಸುವ ವಿಧಾನ

ತುರ್ತು ಸಂದರ್ಭದಲ್ಲಿ 1912 ಸಂಖ್ಯೆಗೆ ಕರೆ ಮಾಡಬಹುದು. ವೋಲ್ಟೇಜ್ ಸದಾ ಹೆಚ್ಚಿರುವುದರ ಬಗ್ಗೆ ಸಂಬಂಧಪಟ್ಟ ಶಾಖಾಧಿಕಾರಿಗೆ ಲಿಖಿತ ದೂರು ನೀಡಿ, ಸ್ಥಳದಲ್ಲಿ ವೋಲ್ಟೇಜ್ ಅಳತೆ ಮಾಡಲು ಕೋರಬೇಕು. ದೂರಿನಲ್ಲಿ ಈ ವಿವರಗಳಿದ್ದಲ್ಲಿ ಪರಿಶೀಲನೆ ಸುಲಭವಾಗುತ್ತದೆ:

ಅ) ಆರ್.ಆರ್. ಸಂಖ್ಯೆ, ವಿಳಾಸ ಮತ್ತು ಟ್ರಾನ್ಸ್‌ಫಾರ್ಮರ್ ಇರುವ ಸ್ಥಳ
ಆ) ತೊಂದರೆ ಕಂಡುಬರುವ ವೇಳೆ
ಇ) ಸುಟ್ಟ ಉಪಕರಣಗಳು ಮತ್ತು ಅವು ಸುಟ್ಟ ದಿನಾಂಕಗಳು
ಈ) ನೆರೆಮನೆಗಳಲ್ಲಿಯೂ ಅದೇ ತೊಂದರೆ ಇದೆಯೇ ಎಂಬುದು

ದೂರು ನೀಡಿದ್ದಕ್ಕೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಪರಿಹಾರ ದೊರೆಯದಿದ್ದಲ್ಲಿ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರನ್ನು, ಅನಂತರ ವಿದ್ಯುಚ್ಛಕ್ತಿ ಅಧಿನಿಯಮ 2003ರ ಮೇರೆಗೆ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯನ್ನು, ಅಲ್ಲಿಯೂ ಸಮಾಧಾನವಾಗದಿದ್ದಲ್ಲಿ ವಿದ್ಯುತ್ ಒಂಬುಡ್ಸ್‌ಮನ್ ಅವರನ್ನು ಸಂಪರ್ಕಿಸಲು ಅವಕಾಶವಿರುತ್ತದೆ.

ಸರಿಯಾಗಿ ಬಳಸಿ, ಸ್ವಚ್ಛವಾಗಿಟ್ಟ ಕಾಯಿಲ್ ಒಂದರ ಹಿಂದೊಂದು ಸುಟ್ಟಲ್ಲಿ, ಗ್ರಾಹಕರು ಮತ್ತೊಂದನ್ನು ಖರೀದಿಸುವ ಮೊದಲು ವೋಲ್ಟೇಜ್ ಮತ್ತು ನ್ಯೂಟ್ರಲ್ ಸಂಪರ್ಕವನ್ನು ಪರೀಕ್ಷಿಸಿಕೊಳ್ಳಬೇಕೆಂದು ಕೋರಲಾಗಿದೆ. ಇದರಿಂದ ಹಣ ಉಳಿಯುವುದಲ್ಲದೆ ಜೀವಹಾನಿಯನ್ನೂ ತಪ್ಪಿಸಬಹುದಾಗಿದೆ.