ಗೌರಿಬಿದನೂರಿನ ರೇಡಿಯೋ ದೂರದರ್ಶಕದಲ್ಲಿ ತಂತಿಗಳ ಹೊಂದಾಣಿಕೆ

ಅಲೀಪುರದ ರತ್ನವ್ಯಾಪಾರದಿಂದ ಹೆಸರಾದ ಗೌರಿಬಿದನೂರು ತಾಲ್ಲೂಕು ಖಗೋಳಶಾಸ್ತ್ರಜ್ಞರಿಗೆ ಬೇರೊಂದು ಕಾರಣದಿಂದ ಪರಿಚಿತವಾಗಿದೆ. ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಇಲ್ಲಿ ಸ್ಥಾಪಿಸಿದ ರೇಡಿಯೋ ವೀಕ್ಷಣಾಲಯವು 1976ರಲ್ಲಿ ಕಾರ್ಯಾರಂಭ ಮಾಡಿತು. ಅದರ ಮೊದಲ ದೂರದರ್ಶಕಕ್ಕೆ ಕನ್ನಡಿಯೂ ಇರಲಿಲ್ಲ, ಕೊಳವೆಯೂ ಇರಲಿಲ್ಲ. ‘ಟಿ’ ಅಕ್ಷರದ ಆಕಾರದಲ್ಲಿ, ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರೂ ದಕ್ಷಿಣಕ್ಕೆ 0.45 ಕಿಲೋಮೀಟರೂ ಹಬ್ಬಿದ 1000 ದ್ವಿಧ್ರುವ ಅಂಟೆನಾಗಳೇ ಆ ಯಂತ್ರ. ಅದು ಗ್ರಹಿಸುತ್ತಿದ್ದುದು 34.5 ಮೆಗಾಹರ್ಟ್ಸ್ ಆವರ್ತನದ, ಎಂದರೆ ಸುಮಾರು 8.7 ಮೀಟರ್ ಉದ್ದದ ಅಲೆಗಳನ್ನು.

ಒಂಟಿ ದ್ವಿಧ್ರುವಕ್ಕೆ ದಿಕ್ಕಿನ ಅರಿವು ಅತ್ಯಲ್ಪ. ಹಲವನ್ನು ತಂತಿಗಳಿಂದ ಒಂದುಗೂಡಿಸಿದಾಗಲೇ ದೃಷ್ಟಿ ಕಿರಿದಾಗುವುದು. ನೆತ್ತಿಯಿಂದ ಇಳಿದ ಅಲೆ ಎಲ್ಲ ಅಂಟೆನಾಗಳನ್ನೂ ಏಕಕಾಲದಲ್ಲಿ ಮುಟ್ಟುತ್ತದೆ. ಅದರ ಉಬ್ಬಿಗೆ ಉಬ್ಬೇ ಸೇರಬೇಕು. ಆದರೆ ಸಾಮಾನ್ಯ ಕೇಬಲಿನೊಳಗೆ ಅಲೆಯ ವೇಗ ತಗ್ಗುವುದರಿಂದ, ಒಂದು ಕೇಬಲು ಮೂರು ಮೀಟರಿಗೆ ತುಸು ಕಡಮೆಯಷ್ಟು ಹೆಚ್ಚು ಉದ್ದವಿದ್ದರೂ ಸಾಕು, ಉಬ್ಬು ತಗ್ಗನ್ನು ಕೂಡಿ ಎರಡೂ ಅಳಿಯುವುವು! ಆದ್ದರಿಂದ ಇಂತಹ ಸಮೂಹಗಳಲ್ಲಿ ಎರಡೆರಡು ಕವಲುಗಳನ್ನು ಸಮದೂರದಲ್ಲಿ ಸೇರಿಸುತ್ತ ಕೊನೆಗೊಂದು ಕಾಂಡಕ್ಕೆ ತರುವ ಕ್ರಮವು ಪ್ರಶಸ್ತವೆನಿಸಿದೆ.

ತೊಡಕಿರುವುದು ಕವಲು ಕೂಡುವಲ್ಲಿ. ಪ್ರತಿಯೊಂದು ಕೇಬಲಿಗೂ ಅಲೆಯ ಮಟ್ಟಿಗೆ ತನ್ನದೇ ಆದ ಪ್ರತಿಬಾಧೆಯುಂಟು. 50 ಓಮಿನ ಎರಡು ಕವಲುಗಳು ಕೂಡಿದರೆ 25 ಓಮ್ ಆಗುತ್ತದೆ. ಅದನ್ನು ನೇರವಾಗಿ 50 ಓಮಿನ ಕಾಂಡಕ್ಕೆ ಜೋಡಿಸಿದರೆ ಶಕ್ತಿಯ ಒಂಬತ್ತನೆಯ ಒಂದು ಪಾಲು ಹಿಂದಿರುಗುತ್ತದೆ. ನಡುವೆ 35 ಓಮಿನ ಕೇಬಲನ್ನು, ಅದರೊಳಗಿನ ಅಲೆಯುದ್ದದ ಕಾಲುಭಾಗದಷ್ಟು ಇಟ್ಟರೆ, ಅದರ ಎರಡು ತುದಿಗಳಿಂದ ಮರಳುವ ಅಲೆಗಳು ಪರಸ್ಪರ ವಿರುದ್ಧವಾಗಿ ಬಂದು ಅಳಿಯುತ್ತವೆ. ಆವರ್ತನ ಬಹಳ ಬದಲಾದರೆ ಈ ಉಪಾಯ ಕೆಡುವುದು. ದ್ವಿಧ್ರುವದ ಬುಡದಲ್ಲಿ ಇನ್ನೊಂದು ಬಗೆಯ ಹೊಂದಾಣಿಕೆ ಬೇಕು: ಅದರ ಎರಡು ತೋಳುಗಳು ಸಮಾನ, ಕೇಬಲಿನ ನಡುತಂತಿಯೂ ಹೊದಿಕೆಯೂ ಅಸಮಾನ. ‘ಬಾಲನ್’ ಎಂಬ ಸಾಧನವಿಲ್ಲದಿದ್ದರೆ ವಿದ್ಯುತ್ತು ಹೊದಿಕೆಯ ಹೊರಮೈಯಲ್ಲಿ ಹರಿದು ಕೇಬಲೇ ಅಂಟೆನಾ ಆಗುತ್ತದೆ.

ಹೊಂದಾಣಿಕೆಯೆಂದರೆ ಶಕ್ತಿಯ ಉಳಿತಾಯವೆಂಬ ಭಾವನೆ ಪ್ರಸಾರಕೇಂದ್ರಕ್ಕೆ ಒಪ್ಪುವಂಥದು. ಈ ದೂರದರ್ಶಕಕ್ಕೆ ಪೂರ್ತಿಯಾಗಿ ಸಲ್ಲದು. ಈ ಆವರ್ತನದಲ್ಲಿ ಆಕಾಶಗಂಗೆಯ ಗದ್ದಲವೇ ಗ್ರಾಹಕಯಂತ್ರದ ಗದ್ದಲವನ್ನು ಮೀರಿರುತ್ತದೆ. ತುಸು ಶಕ್ತಿ ನಷ್ಟವಾದರೆ ನಕ್ಷತ್ರಲೋಕದ ಸಂಕೇತವೂ ಆ ಗದ್ದಲವೂ ಒಂದೇ ಪ್ರಮಾಣದಲ್ಲಿ ಕುಗ್ಗುವುವು. ಭಯಪಡಬೇಕಾದುದು ಮರಳಿದ ಅಲೆ ನೆರೆಯ ಅಂಟೆನಾಗಳನ್ನು ಹೊಕ್ಕು ಕಾಲಮೇಳವನ್ನು ಕೆಡಿಸುವುದಕ್ಕೆ.

ಬೇಕೆಂತಲೇ ಕೊಡುವ ವಿಳಂಬದ ಮಾತು ಬೇರೆ. ಕವಲುಗಳ ನಡುವೆ ಅಳತೆಯ ವಿಳಂಬವನ್ನಿತ್ತು ದೃಷ್ಟಿಯನ್ನು ಉತ್ತರಕ್ಕೂ ದಕ್ಷಿಣಕ್ಕೂ ವಾಲಿಸಲಾಗುತ್ತಿತ್ತು. ಪೂರ್ವದ ಆಕಾಶವನ್ನು ಎದುರಿಗೆ ತರಲು ಭೂಮಿಯ ತಿರುಗುವಿಕೆಯೇ ಇದ್ದಿತು. ನೆತ್ತಿಯ ಸಮೀಪ ಆ ದೃಷ್ಟಿಯ ಅಗಲ 26 ಕಲೆ, ಉದ್ದ 42 ಕಲೆ. ಚಂದ್ರಬಿಂಬದ ವ್ಯಾಸವೇ ಸುಮಾರು 30 ಕಲೆಯಷ್ಟೆ. ಹೀಗೆ ಅಳೆದ ಆಕಾಶದ ನಕ್ಷೆಯನ್ನು ದ್ವಾರಕಾನಾಥ್ ಮತ್ತು ಉದಯಶಂಕರ್ ಅವರು 1990ರಲ್ಲಿ ಪ್ರಕಟಿಸಿದರು.