ಮಧ್ಯಾಹ್ನ ಸೆಕೆ, ಸಂಜೆ ಬಿರುಗಾಳಿ: ಉತ್ತರ ಬೆಂಗಳೂರಲ್ಲಿ ಹೀಗ್ಯಾಕೆ?

ಮಧ್ಯಾಹ್ನ ಮೂರಕ್ಕೆ ಯಲಹಂಕದಲ್ಲಿ ಸುಡು ಬಿಸಿಲು, ಐದಕ್ಕೆ ಹೆಬ್ಬಾಳ ಫ್ಲೈಓವರ್ ಮೇಲೆ ಬೈಕ್ ಅಲ್ಲಾಡಿಸೋ ಗಾಳಿ. ಏಪ್ರಿಲ್, ಮೇ ಬಂತು ಅಂದ್ರೆ ಇದೇ ಕಥೆ. ಯಾಕೆ ಹೀಗೆ?

ಬೆಂಗಳೂರಿಗೆ ಅತಿ ಹೆಚ್ಚು ಸೆಕೆಯ ತಿಂಗಳು ಏಪ್ರಿಲ್. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತೆ. ಸಮುದ್ರದ ಕಡೆಯಿಂದ ಬಂದ ತೇವಾಂಶ ಅದರ ಜೊತೆ ಸೇರಿದ್ರೆ ಗುಡುಗಿನ ಮೋಡ ಕಟ್ಟುತ್ತೆ. ಮಳೆ ಬೀಳುವಾಗ ಒಂದಷ್ಟು ಹನಿ ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನ ತಣ್ಣಗಾಗಿಸುತ್ತೆ. ತಣ್ಣನೆ ಗಾಳಿಗೆ ತೂಕ ಜಾಸ್ತಿ. ಅದು ರಭಸವಾಗಿ ಕೆಳಗಿಳಿದು, ನೆಲಕ್ಕೆ ಬಡಿದು, ನಾಲ್ಕೂ ಕಡೆ ನುಗ್ಗುತ್ತೆ. ಅದಕ್ಕೇ ಮಳೆಗಿಂತ ಮೊದಲೇ ಧೂಳು, ಗಾಳಿ, ದಿಢೀರ್ ತಂಪು. ಇಂಥ ಮೋಡದ ಹರವು ಕಡಿಮೆ. ಹಾಗಾಗಿ ಆರ್.ಟಿ. ನಗರ ನೆನೆದ್ರೂ ಯಶವಂತಪುರ ಒಣಗಿರಬಹುದು.

ಮಳೆಗಿಂತ ಮೊದಲು ಬರೋ ಈ ಗಾಳಿಗೇ ಕೊಂಬೆ ಮುರಿಯೋದು, ತಂತಿ ಹರಿಯೋದು. ಮರದ ಕೆಳಗೆ ಬೈಕ್ ನಿಲ್ಲಿಸಿಕೊಂಡು ಕಾಯಬೇಡಿ. ತಂತಿ ಬಿದ್ದಿದ್ರೆ ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಸಿಡಿಲಿನ ಎಚ್ಚರಿಕೆಗೆ ಮೊಬೈಲ್‌ನಲ್ಲಿ 'ದಾಮಿನಿ' ಆ್ಯಪ್ ಇರಲಿ. ಸೆಕೆಯ ಮಧ್ಯೆ ತಣ್ಣನೆ ಗಾಳಿ ಮುಖಕ್ಕೆ ಬಡಿದ್ರೆ ಖುಷಿಪಡುತ್ತಾ ನಿಲ್ಲಬೇಡಿ, ಮೋಡ ಹತ್ತಿರ ಬಂದಿದೆ ಅಂತ ಅರ್ಥ. ಮೊದಲು ಯಾವುದಾದ್ರೂ ಕಟ್ಟಡದ ಒಳಗೆ ಹೋಗಿ.